ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಸುದ್ದಿ ಪುಟ: ಪದೇ ಪದೇ ಕೇಳುವ ಪ್ರಶ್ನೆಗಳು

ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ಓದಿ ಬಳಸಬಹುದಾದ) ಪ್ರಾಜೆಕ್ಟ್‌ಗಳಿಗೆ ಸುದ್ದಿ ಕಳಿಸುವವರು ಮತ್ತು ಬಂದ ಸುದ್ದಿಯನ್ನು ನೋಡಿ ಪ್ರಕಟಿಸುವವರು, ಇಬ್ಬರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಮೆಂಟುಗಳಲ್ಲಿ ಬಂದವು ಇವು. ಉದಾಹರಣೆಗಳನ್ನು ಹೆಚ್ಚಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಪ್ರಾಜೆಕ್ಟ್‌ನಿಂದ ತೆಗೆದುಕೊಂಡಿದ್ದೇನೆ. ಅದರ ವೆಬ್‌ಸೈಟ್ ನಡೆಯುವುದು ಪಿಜಿವೆಬ್ ಅನ್ನುವ, ಜಾಂಗೋದಲ್ಲಿ (ವೆಬ್‌ಸೈಟ್ ಕಟ್ಟುವ ಸಾಧನ) ಬರೆದ ಪ್ರೋಗ್ರಾಂ ಮೇಲೆ. ಅದರ ಕೋಡ್ ಕೂಡ ಓಪನ್ ಆಗಿಯೇ ಇದೆ. ಸುದ್ದಿ ಹೇಗೆ ಒಳಗೆ ಬರುತ್ತದೆ, ಯಾರ ಕೈ ದಾಟಿ ಹೊರಗೆ ಹೋಗುತ್ತದೆ ಅನ್ನುವುದನ್ನು ಯಾರು ಬೇಕಾದರೂ ಓದಿ ತಿಳಿಯಬಹುದು.

## ಶುರುವಿನ ಪ್ರಶ್ನೆಗಳು

ಓಪನ್ ಸೋರ್ಸ್ ಅಂದ್ರೆ ಕೋಡ್ ಅಲ್ವಾ? ಅದಕ್ಕೆ ಸುದ್ದಿ ಪುಟ ಯಾಕೆ ಬೇಕು?

ಕೋಡ್ ಬದಲಾಗಿದೆ ಅಂತ ಬಳಸುವವರಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ಒಂದು ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವ ಅಡ್ಮಿನ್ ದಿನಾ ಕೂತು ಗಿಟ್ ಕಮಿಟ್ (ಕೋಡ್‌ನ ಒಂದೊಂದು ಬದಲಾವಣೆಯ ದಾಖಲೆ) ಓದುವುದಿಲ್ಲ. ಹೊಸ ವರ್ಷನ್ ಬಂತಾ, ಹಳೆಯದಕ್ಕೆ ಸಪೋರ್ಟ್ ಯಾವಾಗ ನಿಲ್ಲುತ್ತದೆ, ಇವತ್ತು ರಾತ್ರಿಯೇ ಅಪ್‌ಗ್ರೇಡ್ ಮಾಡಬೇಕಾದ ತೊಂದರೆ ಏನಾದರೂ ಇದೆಯಾ: ಇಷ್ಟು ಅವರಿಗೆ ಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ವರ್ಷಕ್ಕೊಂದು ದೊಡ್ಡ ವರ್ಷನ್ ಬರುತ್ತದೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಎರಡನೇ ಗುರುವಾರ ಚಿಕ್ಕ ರಿಲೀಸ್‌ಗಳು ಬರುತ್ತವೆ. ಒಂದು ದೊಡ್ಡ ವರ್ಷನ್‌ಗೆ ಐದು ವರ್ಷ ಸಪೋರ್ಟ್. ಈ ಲೆಕ್ಕವನ್ನು ನಂಬಿ ಜನ ಶನಿವಾರ ರಾತ್ರಿಯ ಕೆಲಸ ಹಾಕಿಕೊಳ್ಳುತ್ತಾರೆ. ಹಾಗಾಗಿ ಸುದ್ದಿ ಪುಟ ಇರುವುದು ಓದುವವರಿಗಾಗಿ. ಕಳಿಸುವವರ ಹೆಸರು ಕಾಣಿಸುವುದು ಆಮೇಲಿನ ಮಾತು. ಕೆಳಗಿನ ಹೆಚ್ಚಿನ ಉತ್ತರಗಳು ಈ ಒಂದು ವಿಷಯದಿಂದಲೇ ಹುಟ್ಟುತ್ತವೆ.

ಯಾರು ಬೇಕಾದ್ರೂ ಸುದ್ದಿ ಕಳಿಸಬಹುದಾ? ಕಳಿಸಿದ ಮೇಲೆ ಏನಾಗುತ್ತೆ?

ಕಳಿಸಬಹುದು. ಆದರೆ ಕಳಿಸಿದ ಕೂಡಲೇ ಪುಟದಲ್ಲಿ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಮೊದಲು ಸಮುದಾಯದ ಅಕೌಂಟ್ ಬೇಕು. ಆಮೇಲೆ ಯಾವ ಸಂಸ್ಥೆಯ ಪರವಾಗಿ ಬರೆಯುತ್ತಿದ್ದೀರಿ ಅಂತ ನೋಂದಾಯಿಸಬೇಕು. ಆ ನೋಂದಣಿಗೂ ಒಪ್ಪಿಗೆ ಬೇಕು. ಸುದ್ದಿಯನ್ನು ಮಾರ್ಕ್‌ಡೌನ್‌ನಲ್ಲಿ (ಸರಳ ಚಿಹ್ನೆ ಹಾಕಿ ಪಠ್ಯವನ್ನು ಜೋಡಿಸುವ ಬಗೆ) ಬರೆದರೆ ಅದು ಡ್ರಾಫ್ಟ್ ಆಗಿ ಉಳಿಯುತ್ತದೆ. ನೀವೇ "ಕಳಿಸು" ಅನ್ನುವವರೆಗೂ ಅದನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಕಳಿಸಿದ ಮೇಲೆ ಮಾಡರೇಟರ್‌ಗಳ ಕ್ಯೂಗೆ ಹೋಗುತ್ತದೆ. ಅಲ್ಲಿರುವಾಗ ನೀವು ಕೈ ಹಾಕುವಂತಿಲ್ಲ. ಅವರು ಒಪ್ಪಬಹುದು, ಬೇಡ ಅನ್ನಬಹುದು, ಇಲ್ಲವೇ ತಿದ್ದಲು ವಾಪಸ್ ಕಳಿಸಬಹುದು. ಒಪ್ಪಿದರೆ ಸುದ್ದಿ ಪುಟಕ್ಕೆ ಬರುತ್ತದೆ, ಆರ್‌ಎಸ್‌ಎಸ್ ಫೀಡ್‌ಗೆ (ಹೊಸ ಬರಹ ಬಂದದ್ದನ್ನು ಓದುವವರ ಆ್ಯಪ್‌ಗೆ ತಾನಾಗಿ ತಿಳಿಸುವ ಪಟ್ಟಿ) ಸೇರುತ್ತದೆ, ಪ್ರಕಟಣೆಗಳ ಮೇಲ್ ಪಟ್ಟಿಯಲ್ಲಿರುವ ಎಲ್ಲರ ಇನ್‌ಬಾಕ್ಸ್‌ಗೂ ಹೋಗುತ್ತದೆ.

ಕೊನೆಯ ಮಾತು ಮುಖ್ಯ. ಪುಟವನ್ನು ತಿದ್ದಬಹುದು, ಹೋದ ಮೇಲ್ ತಿದ್ದಲಾಗುವುದಿಲ್ಲ.

ಒಂದು ಒಳ್ಳೆ ಬ್ಲಾಗ್ ಬರೆದಿದ್ದೀನಿ. ಅದನ್ನೇ ಸುದ್ದಿಯಾಗಿ ಹಾಕ್ತೀರಾ?

ಇಲ್ಲ. ಬ್ಲಾಗ್‌ಗೆ ಬೇರೆ ಜಾಗ ಇದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್, ಡೆಬಿಯನ್ (ಲಿನಕ್ಸ್‌ನ ಒಂದು ಆಪರೇಟಿಂಗ್ ಸಿಸ್ಟಂ), ಗ್ನೋಮ್ (ಲಿನಕ್ಸ್‌ನ ಡೆಸ್ಕ್‌ಟಾಪ್) ಮೂರಕ್ಕೂ "ಪ್ಲಾನೆಟ್" ಅನ್ನುವ ಪುಟಗಳಿವೆ. ನಿಮ್ಮ ಬ್ಲಾಗ್‌ನ ಫೀಡನ್ನು ಒಂದು ಸಲ ಸೇರಿಸಿದರೆ ಸಾಕು, ಬರೆದದ್ದೆಲ್ಲ ತಾನಾಗಿ ಅಲ್ಲಿ ಬರುತ್ತದೆ. ಅಭಿಪ್ರಾಯ, ಅನುಭವ, "ನಾನು ಇದನ್ನು ಹೀಗೆ ಮಾಡಿದೆ" ಅನ್ನುವ ಬರಹ ಅಲ್ಲಿಗೆ. ಏನೋ ಒಂದು ಆಗಿದೆ, ಓದಿದವರು ಏನೋ ಒಂದು ಮಾಡಬೇಕು ಅಥವಾ ತಿಳಿದಿರಬೇಕು ಅಂತಿದ್ದರೆ ಅದು ಸುದ್ದಿ.

ಬೆಂಗಳೂರಲ್ಲಿ ನಮ್ಮದೊಂದು ಕಾನ್ಫರೆನ್ಸ್ ಇದೆ. ಅದು ಸುದ್ದಿನಾ?

ದಿನಾಂಕ ಮತ್ತು ಜಾಗ ಇರುವುದೆಲ್ಲ ಮೊದಲು ಈವೆಂಟ್ ಪಟ್ಟಿಗೆ ಹೋಗಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಬಳಗದ ಪಿಜಿಕಾನ್ಫ್ ಇಂಡಿಯಾ ಬೆಂಗಳೂರಿನಲ್ಲೇ ನಡೆಯುತ್ತದೆ. ಅಂಥ ದೊಡ್ಡ ಸಮಾವೇಶಕ್ಕೆ ಈವೆಂಟ್ ಪಟ್ಟಿಯಲ್ಲಿ ಜಾಗ ಇದ್ದೇ ಇದೆ. ಅದರ ಜೊತೆಗೆ "ಭಾಷಣಗಳಿಗೆ ಆಹ್ವಾನ, ಇಂಥ ದಿನ ಕೊನೆ" ಅನ್ನುವುದು ಸುದ್ದಿ, ಯಾಕೆಂದರೆ ಓದಿದವರು ಅಷ್ಟರೊಳಗೆ ಏನೋ ಮಾಡಬೇಕು. "ಇನ್ನು ಹತ್ತು ದಿನ ಬಾಕಿ", "ಇನ್ನು ಐದು ದಿನ ಬಾಕಿ" ಅನ್ನುವುದು ಸುದ್ದಿಯಲ್ಲ.

## ಕಳಿಸುವವರ ಪ್ರಶ್ನೆಗಳು

ನಾನು ಬರೆದದ್ದು ಯಾವಾಗಲೂ ವಾಪಸ್ ಬರುತ್ತೆ. ಏನು ತಪ್ಪಾಗ್ತಿದೆ?

ಸಾಮಾನ್ಯವಾಗಿ ತೊಂದರೆ ಮೊದಲ ಎರಡು ಸಾಲಿನಲ್ಲೇ ಇರುತ್ತದೆ. ಒಂದು ಊಹೆಯ ಬ್ಯಾಕಪ್ ಟೂಲ್ ತೆಗೆದುಕೊಳ್ಳೋಣ, "ಭದ್ರ" ಅಂತ ಅದರ ಹೆಸರಿರಲಿ. ಬರುವ ಸುದ್ದಿ ಹೀಗಿರುತ್ತದೆ:

"ಬ್ಯಾಕಪ್ ಲೋಕದಲ್ಲಿ ಹೊಸ ಕ್ರಾಂತಿ! ಗ್ರಾಹಕರ ಬಹುದಿನಗಳ ನಿರೀಕ್ಷೆಯಂತೆ, ನಮ್ಮ ತಂಡ ಅತ್ಯಂತ ಹೆಮ್ಮೆಯಿಂದ ಅರ್ಪಿಸುತ್ತಿದೆ, ಭದ್ರದ ಹೊಚ್ಚಹೊಸ ಆವೃತ್ತಿ."

ಇದನ್ನು ಓದಿದ ಅಡ್ಮಿನ್‌ಗೆ ಏನು ಗೊತ್ತಾಯಿತು? ವರ್ಷನ್ ನಂಬರ್ ಇಲ್ಲ. ಯಾವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಜೊತೆ ಓಡುತ್ತದೆ ಅಂತ ಇಲ್ಲ. ಅದೇ ಸುದ್ದಿಯನ್ನು ಹೀಗೆ ಬರೆಯಬಹುದು:

"ಭದ್ರ 3.2 ಬಿಡುಗಡೆ. ಭದ್ರ ಅಂದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಬ್ಯಾಕಪ್ ತೆಗೆಯುವ ಟೂಲ್. ಈ ವರ್ಷನ್‌ನಿಂದ, ಹಿಂದಿನ ಬ್ಯಾಕಪ್ ಆದ ಮೇಲೆ ಬದಲಾದ ಭಾಗವನ್ನಷ್ಟೇ ತೆಗೆಯಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ 14ರಿಂದ 17ರವರೆಗೆ ಓಡುತ್ತದೆ. 3.1ರಲ್ಲಿ ತೆಗೆದ ಬ್ಯಾಕಪ್‌ಗಳನ್ನು ಇದರಲ್ಲಿ ರಿಸ್ಟೋರ್ ಮಾಡಬಹುದು. ಲೈಸೆನ್ಸ್ ಅಪಾಚೆ 2.0."

ಕೊನೆಯಿಂದ ಎರಡನೇ ವಾಕ್ಯವನ್ನು ಗಮನಿಸಿ. ಹಳೇ ಬ್ಯಾಕಪ್ ಕೆಲಸ ಮಾಡುತ್ತಾ ಇಲ್ಲವಾ ಅನ್ನುವುದೇ ಬಳಸುವವರ ಮೊದಲ ಭಯ. ಅದನ್ನು ಬರೆಯುವ ಸುದ್ದಿ ತೀರಾ ಕಮ್ಮಿ. ಬರೆದವರನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತು. ನಿಮ್ಮ ಟೂಲ್ ಏನು ಅಂತ ಪ್ರತಿ ಸುದ್ದಿಯಲ್ಲೂ ಒಂದು ವಾಕ್ಯದಲ್ಲಿ ಹೇಳಿ. ನಿಮಗೆ ಅದು ಹತ್ತನೇ ರಿಲೀಸ್, ಓದುವ ಎಷ್ಟೋ ಜನಕ್ಕೆ ಮೊದಲನೇ ಪರಿಚಯ.

ನಾಲ್ಕು ದಿನ ಆಯ್ತು, ಇನ್ನೂ ಬಂದಿಲ್ಲ. ಮತ್ತೆ ಕಳಿಸಲಾ?

ಬೇಡ. ಎರಡನೇ ಸಲ ಕಳಿಸಿದರೆ ಕ್ಯೂನಲ್ಲಿ ಎರಡು ಪ್ರತಿ ಕೂರುತ್ತವೆ. ಒಬ್ಬರು ಒಂದನ್ನು ನೋಡುತ್ತಾರೆ, ಇನ್ನೊಬ್ಬರು ಇನ್ನೊಂದನ್ನು. ಮಾಡರೇಟರ್‌ಗಳು ಸ್ವಯಂಸೇವಕರು, ಹಗಲು ಬೇರೆ ಕೆಲಸ ಮಾಡುವವರು. ಹಬ್ಬ, ರಜೆ, ದೊಡ್ಡ ರಿಲೀಸ್ ವಾರ ಇವುಗಳಲ್ಲಿ ತಡ ಆಗುತ್ತದೆ. ದಿನಾಂಕಕ್ಕೆ ಕಟ್ಟುಬಿದ್ದ ಸುದ್ದಿಯಾದರೆ ವಾರ ಮೊದಲೇ ಕಳಿಸಿ, ಮತ್ತು ಯಾವ ದಿನ ಬರಬೇಕು ಅಂತ ತಂಡಕ್ಕೆ ತಿಳಿಸಿ.

ನಮ್ಮ ಪ್ರಾಡಕ್ಟ್ ಓಪನ್ ಸೋರ್ಸ್ ಅಲ್ಲ. ಕಳಿಸಿದ್ರೆ ಬೇಡ ಅಂತೀರಾ?

ಪೋಸ್ಟ್‌ಗ್ರೆಸ್‌ಕ್ಯೂಎಲ್ ಬೇಡ ಅನ್ನುವುದಿಲ್ಲ. ಸುದ್ದಿಗೆ ಟ್ಯಾಗ್ ಹಾಕುವ ಪದ್ಧತಿ ಇದೆ. ಪ್ರಾಜೆಕ್ಟ್‌ನದೇ ಸುದ್ದಿ, ಸಂಬಂಧಪಟ್ಟ ಓಪನ್ ಸೋರ್ಸ್, ಸಂಬಂಧಪಟ್ಟ ಖಾಸಗಿ ಸಾಫ್ಟ್‌ವೇರ್ ಅಂತ ಬೇರೆ ಬೇರೆ. ಖಾಸಗಿ ಸಾಫ್ಟ್‌ವೇರ್ ಆಗಿದ್ದರೆ ಹಾಗಂತ ನೇರವಾಗಿ ಹೇಳಿ, ಅಷ್ಟೇ. ಎಲ್ಲ ಪ್ರಾಜೆಕ್ಟ್‌ಗಳೂ ಹೀಗಿಲ್ಲ. ಡೆಬಿಯನ್‌ನಂಥ ಕಡೆ ಸುದ್ದಿ ಅಂದರೆ ಪ್ರಾಜೆಕ್ಟ್‌ನ ಒಳಗಿನ ಕೆಲಸದ ಸುದ್ದಿ. ಕಳಿಸುವ ಮೊದಲು ಆ ಪುಟದ ಹಿಂದಿನ ಇಪ್ಪತ್ತು ಶೀರ್ಷಿಕೆಗಳನ್ನು ಓದಿ. ನಿಯಮ ಓದುವುದಕ್ಕಿಂತ ಬೇಗ ಅಂದಾಜು ಸಿಗುತ್ತದೆ.

ಮುಚ್ಚಿಡುವುದು ಮಾತ್ರ ಬೇಡ. "ಉಚಿತ" ಅಂತ ಬರೆದು, ಒಳಗೆ ಹೋದರೆ ಹದಿನಾಲ್ಕು ದಿನದ ಟ್ರಯಲ್ ಅಂತಿದ್ದರೆ, ಮುಂದಿನ ಸಲದಿಂದ ನಿಮ್ಮ ಒಂದೊಂದು ಸಾಲನ್ನೂ ಅನುಮಾನದಿಂದಲೇ ಓದುತ್ತಾರೆ.

ಪ್ರತಿ ಚಿಕ್ಕ ರಿಲೀಸ್‌ಗೂ ಸುದ್ದಿ ಕಳಿಸಬಹುದಾ?

ಎರಡು ಬಗ್ ಸರಿ ಮಾಡಿದ 3.2.1ಕ್ಕೆ ಸಾವಿರಾರು ಜನರ ಇನ್‌ಬಾಕ್ಸ್ ತೆರೆಸುವುದು ಸರಿಯಲ್ಲ. ಅದಕ್ಕೆ ನಿಮ್ಮದೇ ರಿಲೀಸ್ ನೋಟ್ ಸಾಕು. ಒಂದು ವಿನಾಯಿತಿ: ಆ ಚಿಕ್ಕ ರಿಲೀಸ್ ಡೇಟಾ ಹಾಳಾಗುವುದನ್ನು ಅಥವಾ ಭದ್ರತೆಯ ತೂತನ್ನು ಸರಿ ಮಾಡುತ್ತಿದ್ದರೆ ಖಂಡಿತ ಕಳಿಸಿ, ಮತ್ತು ಮೊದಲ ವಾಕ್ಯದಲ್ಲೇ ಅದನ್ನು ಹೇಳಿ.

## ಕ್ಯೂ ನೋಡಿಕೊಳ್ಳುವವರ ಪ್ರಶ್ನೆಗಳು

ಒಬ್ಬರು ನೋಡಿ ಒಪ್ಪಿದ್ರೆ ಸಾಲದಾ? ಇಬ್ಬರು ಯಾಕೆ?

ಪಿಜಿವೆಬ್‌ನಲ್ಲಿ ಒಂದು ಸುದ್ದಿ ಹೊರಗೆ ಹೋಗಲು ಇಬ್ಬರು ಮಾಡರೇಟರ್‌ಗಳ ಒಪ್ಪಿಗೆ ಬೇಕು. ಮೊದಲು ಕೇಳಿದಾಗ ಸುಮ್ನೆ ತಡ ಮಾಡುವ ವ್ಯವಸ್ಥೆ ಅನ್ನಿಸುತ್ತದೆ. ಆದರೆ ಒಬ್ಬರೇ ನೋಡುವಾಗ ಕಣ್ಣು ತಪ್ಪುವುದು ಸಹಜ. ಲಿಂಕ್ ಬೇರೆ ಕಡೆ ಹೋಗುತ್ತಿರುತ್ತದೆ, 16 ಅನ್ನುವ ಜಾಗದಲ್ಲಿ 15 ಅಂತಿರುತ್ತದೆ. ಅದಕ್ಕಿಂತ ದೊಡ್ಡ ಕಾರಣ ನ್ಯಾಯದ್ದು. ಇಂಥ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುವ ಎಷ್ಟೋ ಜನ ಅದೇ ಕ್ಷೇತ್ರದ ಕಂಪನಿಗಳಲ್ಲಿ ಇರುತ್ತಾರೆ. ನನ್ನ ಕಂಪನಿಯ ಸುದ್ದಿಯನ್ನು ನಾನೇ ಒಪ್ಪಿದರೆ, ಪ್ರತಿಸ್ಪರ್ಧಿಯ ಸುದ್ದಿಯನ್ನು ನಾನೇ ತಡೆದರೆ, ನಾನು ಎಷ್ಟೇ ಪ್ರಾಮಾಣಿಕ ಆಗಿದ್ದರೂ ನೋಡುವವರಿಗೆ ಹಾಗೆ ಕಾಣುವುದಿಲ್ಲ. ಎರಡನೇ ಹೆಸರು ಇದ್ದರೆ ಆ ಪ್ರಶ್ನೆಯೇ ಬರುವುದಿಲ್ಲ.

ನಿಮ್ಮ ತಂಡದಲ್ಲಿ ಇಬ್ಬರೇ ಇದ್ದೀರಾ? ಆಗಲೂ ಇಷ್ಟು ನಿಯಮ ಇಟ್ಟುಕೊಳ್ಳಿ: ಸ್ವಂತ ಸಂಬಂಧ ಇರುವ ಸುದ್ದಿಯನ್ನು ಇನ್ನೊಬ್ಬರು ನೋಡಬೇಕು.

ಬೇಡ ಅನ್ನೋಕೆ ಮನಸ್ಸು ಬರಲ್ಲ. ಹೇಗೆ ಹೇಳಲಿ?

ಬೇಗ ಹೇಳಿ, ಕಾರಣ ಹೇಳಿ, ಮುಂದೇನು ಅಂತ ಹೇಳಿ. ಜನಕ್ಕೆ "ಬೇಡ" ಅನ್ನುವುದಕ್ಕಿಂತ ಮೌನ ಜಾಸ್ತಿ ನೋವು ಕೊಡುತ್ತದೆ. ತಿಂಗಳುಗಟ್ಟಲೆ ಕಷ್ಟಪಟ್ಟು ಏನೋ ಮಾಡಿ, ಖುಷಿಯಿಂದ ಕಳಿಸಿರುತ್ತಾರೆ. ಆ ಕಡೆಯಿಂದ ಸದ್ದೇ ಇಲ್ಲ ಅಂದರೆ ಅವರು ಎರಡನೇ ಸಲ ಈ ಕಡೆ ತಲೆ ಹಾಕುವುದಿಲ್ಲ. ನಾನು ಬರೆಯುವ ಉತ್ತರ ಹೆಚ್ಚುಕಡಿಮೆ ಈ ರೀತಿ ಇರುತ್ತದೆ:

"ನಮಸ್ಕಾರ. ನಿಮ್ಮ ಟೂಲ್ ಚೆನ್ನಾಗಿದೆ, ಅದರ ರೆಪಾಸಿಟರಿ ನೋಡಿದೆ. ಆದರೆ ಈ ಬರಹ ಅದನ್ನು ಬಳಸುವುದು ಹೇಗೆ ಅನ್ನುವ ಪಾಠದ ಹಾಗಿದೆ. ಇದು ಪ್ಲಾನೆಟ್ ಪುಟಕ್ಕೆ ಸರಿ ಹೊಂದುತ್ತದೆ, ಅಲ್ಲಿ ನಿಮ್ಮ ಬ್ಲಾಗ್ ಸೇರಿಸಿ. 1.0 ಬಿಡುಗಡೆ ಆದಾಗ ಎರಡು ಪ್ಯಾರಾದ ಸುದ್ದಿ ಕಳಿಸಿ, ಅದನ್ನು ಸುದ್ದಿ ಪುಟಕ್ಕೆ ನೋಡೋಣ."

ಇದರಲ್ಲಿ "ರೆಪಾಸಿಟರಿ (ಅಂದರೆ ಕೋಡ್ ಇಟ್ಟಿರುವ ಜಾಗ) ನೋಡಿದೆ" ಅನ್ನುವ ಮಾತು ನಿಜವಾಗಿರಬೇಕು. ನೋಡದೆ ಹಾಗೆ ಬರೆಯಬೇಡಿ.

ಯಾಕೆ ಬೇಡ ಅಂದಿರಿ ಅನ್ನುವುದನ್ನು ನಿಮ್ಮಲ್ಲೂ ಬರೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಅದೇ ಥರದ ಸುದ್ದಿ ಬಂದಾಗ ಇನ್ನೊಬ್ಬ ಮಾಡರೇಟರ್ ಒಪ್ಪಿಬಿಟ್ಟರೆ ಮೊದಲಿನವರು ಕೇಳಿಯೇ ಕೇಳುತ್ತಾರೆ, ಆಗ ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಸಣ್ಣ ತಪ್ಪು ಇದ್ರೆ ನಾವೇ ತಿದ್ದಿ ಹಾಕಿಬಿಡಬಹುದಾ?

ಕಾಗುಣಿತ, ಮುರಿದ ಲಿಂಕ್, ಮಾರ್ಕ್‌ಡೌನ್ ಗಲಾಟೆ: ತಿದ್ದಿ, ತಿಳಿಸಿ. ಅರ್ಥ ಬದಲಾಗುವ ಯಾವುದನ್ನೂ ಮುಟ್ಟಬೇಡಿ. "ಅತಿ ವೇಗದ" ಅನ್ನುವುದನ್ನು ನೀವೇ "ವೇಗದ" ಅಂತ ಮಾಡಿದರೆ, ಆ ವೇಗದ ಮಾತಿಗೆ ಈಗ ನೀವೂ ಜವಾಬ್ದಾರರು. ಅಂಥದ್ದನ್ನು ವಾಪಸ್ ಕಳಿಸಿ ಅವರಿಂದಲೇ ತಿದ್ದಿಸುವುದು ಸರಿ.

ಎಐ ಬರೆದ ಸುದ್ದಿಗಳು ಬರ್ತಿವೆ. ಏನು ಮಾಡೋದು?

ಯಾರು ಬರೆದರು ಅನ್ನುವ ಪತ್ತೇದಾರಿಕೆ ಬೇಡ. ಅದು ಮುಗಿಯುವ ಕೆಲಸವಲ್ಲ, ಮತ್ತು ಇಂಗ್ಲಿಷ್ ಅಷ್ಟಾಗಿ ಬಾರದೆ ಯಂತ್ರದ ಸಹಾಯ ಪಡೆದ ಒಳ್ಳೆಯ ಡೆವಲಪರ್‌ಗೆ ಅನ್ಯಾಯ ಆಗಬಹುದು. ಹೇಳಿದ್ದು ನಿಜವಾ ಅಂತ ನೋಡಿ. ಆ ವರ್ಷನ್‌ನ ಟ್ಯಾಗ್ (ಗುರುತು) ರೆಪಾಸಿಟರಿಯಲ್ಲಿ ಇದೆಯಾ? ಡೌನ್‌ಲೋಡ್ ಲಿಂಕ್ ಕೆಲಸ ಮಾಡುತ್ತಾ? ಹೊಸ ಸೌಲಭ್ಯ ಅಂದದ್ದು ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಇದೆಯಾ? ಐದು ನಿಮಿಷದ ಕೆಲಸ. ಕೋಡೇ ಇಲ್ಲದ "ಪ್ರಾಜೆಕ್ಟ್"ಗಳು ಈ ಮೂರು ಪ್ರಶ್ನೆಗಳಲ್ಲೇ ಬಿದ್ದುಹೋಗುತ್ತವೆ.

ನಮ್ಮದು ಚಿಕ್ಕ ಪ್ರಾಜೆಕ್ಟ್. ಇಷ್ಟೆಲ್ಲ ವ್ಯವಸ್ಥೆ ಕಟ್ಟೋಕೆ ಆಗಲ್ಲ. ಬೇರೆ ದಾರಿ ಇದೆಯಾ?

ಇದೆ, ಮತ್ತು ಚೆನ್ನಾಗಿವೆ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಳಗ 2013ರಿಂದ "ದಿಸ್ ವೀಕ್ ಇನ್ ರಸ್ಟ್" ಅನ್ನುವ ವಾರದ ಸುದ್ದಿಪತ್ರ ನಡೆಸುತ್ತಿದೆ. ಅದರ ಮುಂದಿನ ಸಂಚಿಕೆಯ ಡ್ರಾಫ್ಟ್ ಗಿಟ್‌ಹಬ್‌ನಲ್ಲೇ (ಕೋಡ್ ಇಡುವ ವೆಬ್‌ಸೈಟ್) ತೆರೆದು ಕೂತಿರುತ್ತದೆ. ನಿಮ್ಮ ಸುದ್ದಿಯ ಒಂದು ಸಾಲನ್ನು ಸರಿಯಾದ ವಿಭಾಗದಲ್ಲಿ ಸೇರಿಸಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಬೇಕು. ಸಂಪಾದಕರು ನೋಡಿ ಸೇರಿಸುತ್ತಾರೆ. ಬೇರೆ ಅಕೌಂಟ್ ಬೇಡ, ಬೇರೆ ಫಾರ್ಮ್ ಬೇಡ. ಯಾರು ಏನು ಕಳಿಸಿದರು, ಯಾಕೆ ಬೇಡ ಅಂದರು ಅನ್ನುವುದೆಲ್ಲ ತಾನಾಗಿ ದಾಖಲೆ ಆಗಿ ಉಳಿಯುತ್ತದೆ.

ಗ್ನೋಮ್‌ನವರದು ಇನ್ನೂ ಹಗುರ. 2021ರಲ್ಲಿ ಶುರುವಾದ "ದಿಸ್ ವೀಕ್ ಇನ್ ಗ್ನೋಮ್"ಗೆ ಸುದ್ದಿ ಕಳಿಸುವುದು ಮ್ಯಾಟ್ರಿಕ್ಸ್ ಚಾಟ್ ರೂಮಿನಲ್ಲಿ. ಬಾಟ್‌ನ ಹೆಸರು ಹಾಕಿ ಒಂದು ಮೆಸೇಜ್ ಬರೆದರೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಸಂಪಾದಕರು ಎಮೋಜಿ ಒತ್ತಿ ಒಪ್ಪಿಗೆ ಕೊಡುತ್ತಾರೆ. ವಾರದ ಕೊನೆಗೆ ಎಲ್ಲ ಸೇರಿ ಒಂದು ಬರಹ ಆಗುತ್ತದೆ. ಬರೆಯಲು ಹಿಂಜರಿಯುವ ಡೆವಲಪರ್ ಕೂಡ ಒಂದು ಮೆಸೇಜ್ ಹಾಕುತ್ತಾರೆ. ಈ ಒಂದು ಕಾರಣಕ್ಕೆ ನನಗೆ ಈ ಪದ್ಧತಿ ತುಂಬಾ ಇಷ್ಟ.

ಎರಡೂ ವಾರದ ಪದ್ಧತಿಗಳು. ತುರ್ತು ಸುದ್ದಿಗೆ ಇವು ಆಗುವುದಿಲ್ಲ, ಅದಕ್ಕೊಂದು ಬೇರೆ ದಾರಿ ಇಟ್ಟುಕೊಳ್ಳಲೇಬೇಕು.

## ಕಷ್ಟದ ಪ್ರಶ್ನೆಗಳು

ಭದ್ರತೆಯ ತೊಂದರೆ ಸಿಕ್ಕಿದೆ ಅಂತ ಯಾರೋ ಸುದ್ದಿ ಕ್ಯೂಗೇ ಕಳಿಸಿದ್ದಾರೆ. ಹಾಕಲಾ?

ಹಾಕಬೇಡಿ, ಬೇಡ ಅಂತಲೂ ಹೇಳಬೇಡಿ. ಮೊದಲು ಪ್ರಾಜೆಕ್ಟ್‌ನ ಸೆಕ್ಯುರಿಟಿ ತಂಡಕ್ಕೆ ತಲುಪಿಸಿ. ಕ್ಯೂ ಅನ್ನುವುದು ಹಲವರು ನೋಡುವ ಜಾಗ, ಆದ್ದರಿಂದ ಅಲ್ಲಿಂದ ಅದನ್ನು ಬೇಗ ತೆಗೆಸಿ. ಕಳಿಸಿದವರಿಗೆ ಸರಿಯಾದ ವಿಳಾಸ ಕೊಟ್ಟು, ಧನ್ಯವಾದ ಹೇಳಿ.

ಇಂಥ ವಿಷಯದಲ್ಲಿ ಸುದ್ದಿಯ ಸಮಯವೇ ಎಲ್ಲಕ್ಕಿಂತ ಮುಖ್ಯ. ತೇಪೆ (ತೂತನ್ನು ಮುಚ್ಚುವ ಕೋಡ್) ಸಿದ್ಧ ಆಗುವ ಮೊದಲು ಸುದ್ದಿ ಹೊರಬಿದ್ದರೆ ದಾಳಿ ಮಾಡುವವರಿಗೆ ದಾರಿ ತೋರಿಸಿದ ಹಾಗೆ. ತಡವಾದರೆ ಬಳಸುವವರು ಕತ್ತಲಲ್ಲಿ ಉಳಿಯುತ್ತಾರೆ. ಲಿನಕ್ಸ್ ಡಿಸ್ಟ್ರಿಬ್ಯೂಶನ್‌ಗಳು (ಡೆಬಿಯನ್‌ನಂಥವು) ಇಂಥ ಮಾಹಿತಿ ಹಂಚಿಕೊಳ್ಳುವ ಖಾಸಗಿ ಪಟ್ಟಿಯಲ್ಲಿ ಗುಟ್ಟನ್ನು ಹೆಚ್ಚೆಂದರೆ 14 ದಿನ ಇಡಬಹುದು ಅನ್ನುವ ಮಿತಿ ಇದೆ.

2013ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ನಡೆದುಕೊಂಡ ರೀತಿ ಓದಲು ಯೋಗ್ಯ. ಡೇಟಾಬೇಸ್ ಹೆಸರನ್ನು ಅಡ್ಡಗೆರೆಯಿಂದ ಶುರು ಮಾಡಿ ಕನೆಕ್ಷನ್ ಕೇಳಿದರೆ ಸರ್ವರ್‌ನ ಫೈಲ್‌ಗಳನ್ನೇ ಹಾಳು ಮಾಡಬಹುದಾದ ತೂತು ಸಿಕ್ಕಿತ್ತು, ಅದರ ಸಿವಿಇ (ಭದ್ರತೆಯ ತೂತುಗಳಿಗೆ ಕೊಡುವ ಗುರುತಿನ ನಂಬರ್) ಸಿವಿಇ-2013-1899. ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಪ್ರಾಜೆಕ್ಟ್‌ನವರು ಸುಮಾರು ಒಂದು ವಾರ ಮೊದಲೇ "ಏಪ್ರಿಲ್ 4ಕ್ಕೆ ಮುಖ್ಯವಾದ ಸೆಕ್ಯುರಿಟಿ ರಿಲೀಸ್ ಬರುತ್ತದೆ, ಸಿದ್ಧವಾಗಿರಿ" ಅಂತ ತಿಳಿಸಿದರು. ಏನು ತೂತು ಅಂತ ಹೇಳಲಿಲ್ಲ. ತೇಪೆ ಯಾರ ಕಣ್ಣಿಗೂ ಬೀಳದಿರಲಿ ಅಂತ ರಿಲೀಸ್‌ವರೆಗೂ ಹೊಸ ಕಮಿಟ್‌ಗಳು ಹೊರಗೆ ಕಾಣದಂತೆ ಮಾಡಿದರು. ಏಪ್ರಿಲ್ 4ರಂದು 9.2.4 ಮತ್ತು ಹಳೆಯ ಶಾಖೆಗಳ (ಹಿಂದಿನ ದೊಡ್ಡ ವರ್ಷನ್‌ಗಳ) ರಿಲೀಸ್‌ಗಳು ಒಟ್ಟಿಗೆ ಬಂದವು. ದಿನಾಂಕ ಮಾತ್ರ ಹೇಳಿ ವಿವರ ಮುಚ್ಚಿಟ್ಟದ್ದರಿಂದ ಅಡ್ಮಿನ್‌ಗಳಿಗೆ ತಯಾರಾಗಲು ಸಮಯ ಸಿಕ್ಕಿತು. ಸುದ್ದಿ ಪುಟದ ಕೆಲಸ ಎಷ್ಟು ಗಂಭೀರ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಶೀರ್ಷಿಕೆಯಲ್ಲಿ ಗಾಬರಿ ಬೇಡ, ನಿಖರತೆ ಬೇಕು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಸಾಫ್ಟ್‌ವೇರ್‌ನಲ್ಲಿ ಗುಟ್ಟಾಗಿ ಸೇರಿಸಿದ್ದ ಹಿಂಬಾಗಿಲನ್ನು (ಒಳನುಗ್ಗುವ ಕಳ್ಳದಾರಿ) ಬಯಲಿಗೆಳೆದರು. ಅವರು ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೆವಲಪರ್. ಕೆಟ್ಟು ಹೋಗಿದ್ದದ್ದು 5.6.0 ಮತ್ತು 5.6.1 ಮಾತ್ರ. ಡೆಬಿಯನ್‌ನ ಸ್ಟೇಬಲ್ ಆವೃತ್ತಿಗೆ ಅದು ತಲುಪಿರಲಿಲ್ಲ. "ಲಿನಕ್ಸ್‌ಗೆ ಅಪಾಯ" ಅಂತ ಬರೆದ ಕಡೆ ಓದಿದವರಿಗೆ ಭಯ ಸಿಕ್ಕಿತು. ಎರಡು ವರ್ಷನ್ ನಂಬರ್ ಬರೆದ ಕಡೆ ಓದಿದವರು ಒಂದು ಕಮಾಂಡ್ ಓಡಿಸಿ ತಮ್ಮ ಗಣಕ ಸರಿ ಇದೆಯಾ ಅಂತ ತಿಳಿದುಕೊಂಡರು.

ಹಾಕಿದ ಸುದ್ದಿಯೇ ತಪ್ಪು ಅಂತ ಆಮೇಲೆ ಗೊತ್ತಾದ್ರೆ?

ಹೊಸ ಸುದ್ದಿ ಹಾಕಿ. ಹಳೆಯದನ್ನು ಸದ್ದಿಲ್ಲದೆ ತಿದ್ದಬೇಡಿ. ಪಿಜಿವೆಬ್‌ನಲ್ಲಂತೂ ಒಪ್ಪಿಗೆ ಸಿಕ್ಕ ಸುದ್ದಿಯನ್ನು ಕಳಿಸಿದವರು ಮತ್ತೆ ಎಡಿಟ್ ಮಾಡಲು ಆಗುವುದಿಲ್ಲ. ಮೇಲ್‌ನಲ್ಲಿ ಹೋದದ್ದಕ್ಕೂ ಪುಟದಲ್ಲಿ ಇರುವುದಕ್ಕೂ ವ್ಯತ್ಯಾಸ ಬಂದರೆ ಯಾವುದನ್ನು ನಂಬಬೇಕು?

2024ರ ನವೆಂಬರ್ 14ರಂದು ಪೋಸ್ಟ್‌ಗ್ರೆಸ್‌ಕ್ಯೂಎಲ್ 17.1 ಮತ್ತು ಹಳೆಯ ಶಾಖೆಗಳ ರಿಲೀಸ್‌ಗಳು ಬಂದವು. ಅದರಲ್ಲಿನ ಒಂದು ಬದಲಾವಣೆಯಿಂದ, ಮೊದಲೇ ಬಿಲ್ಡ್ ಮಾಡಿಟ್ಟ ಕೆಲವು ಎಕ್ಸ್‌ಟೆನ್ಶನ್‌ಗಳು (ಡೇಟಾಬೇಸ್‌ಗೆ ಸೇರಿಸುವ ಹೆಚ್ಚುವರಿ ಭಾಗಗಳು) ಕೆಟ್ಟವು. ಮಾಮೂಲಿ ಪಟ್ಟಿಯಂತೆ ಮುಂದಿನ ರಿಲೀಸ್ ಫೆಬ್ರವರಿಗೆ. ಪ್ರಾಜೆಕ್ಟ್ ಕಾಯಲಿಲ್ಲ. ಪಟ್ಟಿಯಲ್ಲಿಲ್ಲದ ರಿಲೀಸ್ ಬರುತ್ತದೆ ಅಂತ ಹೊಸ ಸುದ್ದಿ ಹಾಕಿ, ನವೆಂಬರ್ 21ಕ್ಕೆ 17.2 ಬಿಡುಗಡೆ ಮಾಡಿತು. ಇವತ್ತು ಹಿಂದಿನ ಸುದ್ದಿಗಳನ್ನು ತೆಗೆದು ನೋಡಿದರೆ ಏನು ಆಯಿತು ಅನ್ನುವುದು ಸಾಲಾಗಿ ಕಾಣುತ್ತದೆ. ನಡುವೆ 17.1 ಹಾಕಿಕೊಂಡವರಿಗೆ ತಾವು ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಆ ಕಂಪನಿಯೇ ಮುಚ್ಚಿಹೋಗಿದೆ. ಅವರ ಹಳೇ ಸುದ್ದಿ ಅಳಿಸಬಹುದಾ?

ಬೇಡ. ಹತ್ತು ವರ್ಷ ಹಿಂದಿನ ಸರ್ವರ್ ಒಂದನ್ನು ಕೈಗೆ ತೆಗೆದುಕೊಂಡವರು ಹುಡುಕುವುದು ಅದನ್ನೇ. ಒಂದು ಮಾತ್ರ ಗಮನಿಸಿ: ಮುಚ್ಚಿಹೋದ ಸಂಸ್ಥೆಯ ಡೊಮೇನನ್ನು ಬೇರೆಯವರು ಕೊಂಡು ಜೂಜಿನ ಜಾಹೀರಾತು ಹಾಕಿರುತ್ತಾರೆ. ಆಗ ಲಿಂಕ್ ಮಾತ್ರ ತೆಗೆದು, ಪಠ್ಯ ಹಾಗೇ ಬಿಟ್ಟು, ಲಿಂಕ್ ತೆಗೆದದ್ದನ್ನು ಅಲ್ಲೇ ಬರೆಯಿರಿ.

ಕನ್ನಡದಲ್ಲಿ ಸುದ್ದಿ ಬರೆಯಬಹುದಾ? ಅನುವಾದ ಮಾಡಿದ್ರೆ ಉಪಯೋಗ ಇದೆಯಾ?

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಸುದ್ದಿ ಪುಟ ನಡೆಯುವುದು ಇಂಗ್ಲಿಷ್‌ನಲ್ಲಿ. ಈವೆಂಟ್ ಫಾರ್ಮ್‌ನಲ್ಲಿ ಮಾತ್ರ ಯಾವ ಭಾಷೆಯ ಕಾರ್ಯಕ್ರಮ ಅಂತ ಹೇಳುವ ಜಾಗ ಇದೆ, ಕನ್ನಡದ ಕಾರ್ಯಕ್ರಮ ಮಾಡುವವರು ಅದನ್ನು ಬಳಸಿಕೊಳ್ಳಿ. ಅನುವಾದವನ್ನು ನಿಮ್ಮ ಜಾಗದಲ್ಲಿ ಖಂಡಿತ ಮಾಡಿ. ಎಲ್ಲವನ್ನೂ ಮಾಡಲು ಹೋದರೆ ಎರಡು ತಿಂಗಳಲ್ಲಿ ಸುಸ್ತಾಗುತ್ತದೆ. ಹೊಸ ದೊಡ್ಡ ವರ್ಷನ್, ಸಪೋರ್ಟ್ ನಿಲ್ಲುವ ದಿನ, ತುರ್ತು ಭದ್ರತೆ, ಈ ಮೂರನ್ನು ಹಿಡಿಯಿರಿ. ಮೂಲದ ಲಿಂಕ್ ಮತ್ತು ದಿನಾಂಕ ಮೇಲೆಯೇ ಇರಲಿ. ಮೂಲದಲ್ಲಿ ತಿದ್ದುಪಡಿ ಬಂದರೆ ನಿಮ್ಮದರಲ್ಲೂ ಅದೇ ದಿನ ಬರಬೇಕು, ಅದಕ್ಕಾಗಿ ಆರ್‌ಎಸ್‌ಎಸ್ ಫೀಡ್ ಹಾಕಿಟ್ಟುಕೊಳ್ಳಿ. ಸಮಯ ಬರೆಯುವಾಗ ಭಾರತದ ಸಮಯಕ್ಕೆ ಬದಲಾಯಿಸಿ: ಮೂಲದಲ್ಲಿ ಯುಟಿಸಿ (ಅಂತರರಾಷ್ಟ್ರೀಯ ಸಮಯ) 13:00 ಅಂತಿದ್ದರೆ ನಮಗೆ ಸಂಜೆ 6:30. ಕಮಾಂಡ್, ವರ್ಷನ್ ನಂಬರ್, ಸಿವಿಇ ನಂಬರ್‌ಗಳನ್ನು ಮೂಲದಲ್ಲಿದ್ದ ಹಾಗೇ ಬಿಡಿ, ಜನ ಅವನ್ನು ಕಾಪಿ ಮಾಡಿ ಹುಡುಕುತ್ತಾರೆ.